ಹುಲ್ಲು ನೋಡೋಕೆ ಹೊಲ ಮಾರಬೇಕಾ? ನಿವೃತ್ತರ ಮನೆ, ಪಕ್ಕದ ಗಾಲ್ಫ್ ಮೈದಾನ ಮತ್ತು ನಮ್ಮ ಮಾವನ ಲೆಕ್ಕ

(ಪಾಡ್‌ಕಾಸ್ಟ್‌ನ ಬರಹ ರೂಪ)

 

ಇವತ್ತಿನ ವಿಷಯ ಕೇಳಿದ್ರೆ ನೀವು ನಗಬಹುದು. ವಯಸ್ಸಾದವರಿಗೆ ಅಂತಾನೇ ಮನೆ ಕಟ್ಟೋ ಒಬ್ಬ ಬಿಲ್ಡರ್, ಪಕ್ಕದಲ್ಲಿರೋ ಗಾಲ್ಫ್ ವಿಲ್ಲಾಗಳ ಪ್ರಾಜೆಕ್ಟನ್ನ ಕೊಂಡ್ಕೋಬೇಕಾ ಬೇಡ್ವಾ? ಗುಂಡ್ಲುಪೇಟೆ ಕಡೆಯ ನನಗೂ ಗಾಲ್ಫ್‌ಗೂ ಏನು ಸಂಬಂಧ ಅಂತ ನಾನೂ ಅಂದ್ಕೊಂಡಿದ್ದೆ. ಆದ್ರೆ ಈ ಪ್ರಶ್ನೆ ವಾಟ್ಸಾಪಲ್ಲಿ ಸುತ್ತಿ ಬಂದು ನಮ್ಮ ಮನೆ ಜಗಲಿ ಮೇಲೆ ಕೂತ್ಕೊಂಡಾಗ, ಅದು ನಮ್ಮವ್ವನ ಎರಡು ಎಕರೆ ಹತ್ತು ಗುಂಟೆ ಜಮೀನಿನ ಪ್ರಶ್ನೆ ಆಗಿತ್ತು.

ಹೇಗೆ ಅಂತ ಹೇಳ್ತೀನಿ.

ಮಾವನ ಮೆಸೇಜು

ನಮ್ಮ ಮಾವ, ಅಂದ್ರೆ ಅವ್ವನ ಅಣ್ಣ, ಚಾಮರಾಜನಗರದಲ್ಲಿ ಹೈಸ್ಕೂಲು ಗಣಿತದ ಮೇಷ್ಟ್ರಾಗಿದ್ದು ರಿಟೈರ್ ಆದವರು. ಅತ್ತೆ ತೀರಿಕೊಂಡು ಆರು ವರ್ಷ ಆಯ್ತು. ಮಗ ಹೈದರಾಬಾದಲ್ಲಿದ್ದಾನೆ. ಒಬ್ಬರೇ ಇರೋದು ಬೇಡ ಅಂತ ಮೂರು ವರ್ಷದ ಹಿಂದೆ ಹಿರಿಯರ ಸಮುದಾಯ ಅಂತಾರಲ್ಲ, ಅಂಥದ್ರಲ್ಲಿ ಒಂದು ಬೆಡ್‌ರೂಮಿನ ಮನೆ ಬುಕ್ ಮಾಡಿದ್ರು. ಅಲ್ಲಿ ಊಟ ಮಾಡಿ ಹಾಕ್ತಾರೆ, ನರ್ಸ್ ಇರ್ತಾರೆ, ಬಾತ್‌ರೂಮಲ್ಲಿ ಹಿಡ್ಕೊಳ್ಳೋಕೆ ಕಂಬಿ ಇರುತ್ತೆ, ಆಂಬುಲೆನ್ಸ್ ನಿಂತಿರುತ್ತೆ. 42 ಲಕ್ಷದ ಮನೆ. ಗ್ರಾಚ್ಯುಟಿ ಮತ್ತು ಒಂದು ಸೈಟು ಮಾರಿದ ದುಡ್ಡಿಂದ 30 ಲಕ್ಷ ಕಟ್ಟಿದ್ದಾರೆ. ಪ್ರಾಜೆಕ್ಟ್ ನಮ್ಮ ರಾಜ್ಯದ್ದೇ. ಊರು, ಕಂಪನಿ ಹೆಸರು ಎರಡೂ ಇಲ್ಲಿ ಬೇಡ.

ಒಂದಿನ ಬಿಲ್ಡರ್ ಕಡೆಯಿಂದ ಎಲ್ರಿಗೂ ಮೆಸೇಜ್ ಬಂತು. ಪಕ್ಕದ ಗಾಲ್ಫ್ ಪ್ರಾಜೆಕ್ಟ್ ಮಾರಾಟಕ್ಕಿದೆ, ಅದನ್ನ ಕೊಳ್ಳೋ ಆಲೋಚನೆ ನಡೀತಿದೆ, ಕೊಂಡ್ರೆ ಹಸಿರು ಮೈದಾನ, ಕ್ಲಬ್‌ಹೌಸು ಎಲ್ಲಾ ನಿಮ್ಮದೇ, ಇದಕ್ಕೆ ಪ್ರತಿ ಮನೆಯವರು ಸುಮಾರು 8 ಲಕ್ಷ ಹೆಚ್ಚುವರಿ ಕೊಡಬೇಕಾಗಬಹುದು, ಅಭಿಪ್ರಾಯ ತಿಳಿಸಿ ಅಂತ.

ಮಾವ ನನಗೆ ಫೋನ್ ಮಾಡಿದ್ರು. ನಾನು ಮೈಸೂರಲ್ಲಿ ಒಂದು ಆಡಿಟರ್ ಆಫೀಸಲ್ಲಿ ಕೆಲಸ ಮಾಡೋದು, ಅಪಾರ್ಟ್‌ಮೆಂಟ್ ಸಂಘಗಳ ಲೆಕ್ಕ ನೋಡೋದೇ ನನ್ನ ದಿನದ ಕೆಲಸ. ಮಾವ ಅಂದ್ರು, "ಕೂಸು, ನಂಗ ಗಾಲ್ಫ್ ಬರಲ್ಲ. ಆದ್ರ ಬೆಳಗ್ಗೆದ್ದು ಕಿಟಕಿ ತೆಗುದ್ರ ಹಸಿರು ಕಾಣ್ತದಲ್ಲ. ಮುಂದ ರೇಟೂ ಏರ್ತದಂತ. ತೇರಕಣಾಂಬಿ ಕಡೆ ಜಮೀನು ಮಾರುದ್ರ ಬಾಕಿ 12, ಇದು 8, ಎರಡೂ ಮುಗುದೋಯ್ತದ."

ಆ ಜಮೀನು ಜಂಟಿ ಖಾತೆಯದ್ದು. ತಾತನದ್ದು, ಈಗ ಮಾವನ ಹೆಸರು, ಅವ್ವನ ಹೆಸರು ಎರಡೂ ಪಹಣಿಯಲ್ಲಿದೆ. ಮಾವ ಬೇಸಾಯ ಬಿಟ್ಟು ಎಷ್ಟೋ ವರ್ಷ ಆಯ್ತು. ಅಲ್ಲಿ ಅರಿಶಿನ, ಸಣ್ಣ ಈರುಳ್ಳಿ ಬೆಳೆಯೋರು ನಮ್ಮಪ್ಪ, ನಮ್ಮವ್ವ. ಅವ್ವ ಸಹಿ ಹಾಕದೆ ಅದು ಮಾರಾಟ ಆಗಲ್ಲ. ಅವ್ವನಿಗೆ ವಿಷಯ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: "ಹುಲ್ಲು ನೋಡಕ ಹೊಲ ಮಾರಕ್ಕಾದ್ದಾ?"

ಸಿಟ್ಟಲ್ಲೇನೂ ಕೇಳಲಿಲ್ಲ. ನಿಜವಾಗ್ಲೂ ಗೊತ್ತಾಗದೆ ಕೇಳಿದ್ಲು. ನನಗೂ ಉತ್ತರ ಗೊತ್ತಿರಲಿಲ್ಲ. ಹಾಗಾಗಿ ಕೂತು ಓದಿದೆ, ಲೆಕ್ಕ ಹಾಕಿದೆ. ಅದನ್ನೇ ಇವತ್ತು ನಿಮ್ಮ ಮುಂದೆ ಇಡ್ತಿದ್ದೀನಿ. ನಿಮ್ಮ ಮನೆಯಲ್ಲೂ ಅಪ್ಪನೋ ದೊಡ್ಡಪ್ಪನೋ ಇಂಥದ್ದೊಂದು ಬ್ರೋಷರ್ ಕಳಿಸಿ "ನೋಡಿ ಹೇಳು" ಅಂದಿರ್ತಾರೆ.

ಕೊಳ್ಳೋದ್ರಲ್ಲೂ ನ್ಯಾಯ ಇದೆ

ಮೊದಲು ಬಿಲ್ಡರ್ ಕಡೆಯ ಮಾತು ಕೇಳೋಣ. ಅವರೇನೂ ಹುಚ್ಚರಲ್ಲ.

ಹಿರಿಯರ ಮನೆ ಮತ್ತು ಗಾಲ್ಫ್ ಅಮೆರಿಕದಲ್ಲಿ ಹಳೇ ಜೋಡಿ. 1960ರಲ್ಲಿ ಡೆಲ್ ವೆಬ್ ಅನ್ನೋ ಬಿಲ್ಡರ್ ಅರಿಜೋನಾದಲ್ಲಿ ಸನ್ ಸಿಟಿ ಅಂತ ನಿವೃತ್ತರ ಊರನ್ನೇ ತೆರೆದ. ಮನೆಗಳ ಜೊತೆ ಗಾಲ್ಫ್ ಮೈದಾನವನ್ನೂ ಮೊದಲೇ ತೋರಿಸಿ ಮಾರಿದ. ಆಮೇಲೆ ಫ್ಲಾರಿಡಾದಲ್ಲಿ ದಿ ವಿಲೇಜಸ್ ಬಂತು. ಹೆರಾಲ್ಡ್ ಶ್ವಾರ್ಟ್ಜ್ ಅನ್ನೋರ ಕಾಲದಲ್ಲಿ ಅದು ಗಾಡಿಮನೆಗಳ ಒಂದು ಚಿಕ್ಕ ಬಡಾವಣೆ. ಅವರ ಮಗ ಗ್ಯಾರಿ ಮೋರ್ಸ್ 1980ರ ದಶಕದಲ್ಲಿ ಸೇರ್ಕೊಂಡ್ಮೇಲೆ ಗಾಲ್ಫ್ ಉಚಿತ ಅನ್ನೋದನ್ನೇ ದೊಡ್ಡ ಆಕರ್ಷಣೆ ಮಾಡಿದ್ರು. ಇವತ್ತು ಅಲ್ಲಿ 50ಕ್ಕೂ ಹೆಚ್ಚು ಗಾಲ್ಫ್ ಕೋರ್ಸ್‌ಗಳಿವೆ. ಅಜ್ಜ ಅಜ್ಜಿಯರು ಗಾಲ್ಫ್ ಗಾಡಿಯಲ್ಲೇ ಅಂಗಡಿಗೆ ಹೋಗಿ ಬರ್ತಾರೆ. 2010ರಿಂದ 2020ರವರೆಗಿನ ಜನಗಣತಿಯಲ್ಲಿ ಇಡೀ ಅಮೆರಿಕದಲ್ಲೇ ಅತಿ ವೇಗವಾಗಿ ಬೆಳೆದ ನಗರ ಪ್ರದೇಶ ಅದೇ. ಶೇ 39ರಷ್ಟು ಬೆಳೆದು ಸುಮಾರು 1 ಲಕ್ಷ 30 ಸಾವಿರ ಜನ ಆದ್ರು.

ಇದನ್ನ ನೋಡಿದ ಯಾವ ಬಿಲ್ಡರ್‌ಗೂ ಆಸೆ ಆಗುತ್ತೆ. ಪಕ್ಕದವನು ಕಷ್ಟದಲ್ಲಿದ್ದಾಗ ಜಾಗ ಕಡಿಮೆಗೆ ಸಿಗಬಹುದು. ಪಕ್ಕದಲ್ಲಿ ನಾಳೆ ಬೇರೆ ಯಾರೋ ಬಂದು ಇಪ್ಪತ್ತು ಮಹಡಿ ಕಟ್ಟೋ ಭಯ ಇರಲ್ಲ. ಕ್ಲಬ್‌ಹೌಸು, ಅಡುಗೆಮನೆ, ಕಾವಲಿನವರು ಎರಡು ಪ್ರಾಜೆಕ್ಟಿಗೂ ಒಂದೇ ಆದ್ರೆ ಖರ್ಚು ಉಳಿಯುತ್ತೆ. ಬ್ರೋಷರ್‌ನಲ್ಲಿ ಹಸಿರು ಫೋಟೊ ಬರುತ್ತೆ. ಇದೆಲ್ಲಾ ನಿಜವಾದ ಲಾಭಗಳೇ.

ಆದ್ರೆ ದಿ ವಿಲೇಜಸ್‌ನಲ್ಲಿ "ಉಚಿತ" ಅನ್ನೋ ಪದಕ್ಕೆ ಬಾಲ ಇದೆ. ಪ್ರತಿ ಮನೆಯವರೂ ತಿಂಗಳಾ ತಿಂಗಳಾ ಸೌಲಭ್ಯ ಶುಲ್ಕ ಕಟ್ಟಬೇಕು, ಗಾಲ್ಫ್ ಆಡಿದ್ರೂ ಆಡದಿದ್ರೂ. ಅಲ್ಲಿನ ಬಿಲ್ಡರ್ ಮೈದಾನ, ಕ್ಲಬ್ ಇತ್ಯಾದಿಗಳನ್ನ ಸ್ಥಳೀಯ ಜಿಲ್ಲಾ ಮಂಡಳಿಗೆ ಮಾರಿದ್ರು. ಮಂಡಳಿ ಸಾಲಪತ್ರ ಬಿಟ್ಟು ದುಡ್ಡೆತ್ತಿ ಕೊಂಡ್ತು. ಸಾಲ ತೀರೋದು ನಿವಾಸಿಗಳ ಶುಲ್ಕದಿಂದ. 2008ರಿಂದ ಅಮೆರಿಕದ ತೆರಿಗೆ ಇಲಾಖೆ ಆ ಸಾಲಪತ್ರಗಳ ಬಗ್ಗೆ ವರ್ಷಗಟ್ಟಲೆ ವಿಚಾರಣೆ ಮಾಡಿತು. ಕೊಂಡ ಬೆಲೆ ಸರಿಯಾ, ಬಿಲ್ಡರ್ ಹಿಡಿತದಲ್ಲಿರೋ ಮಂಡಳಿಯನ್ನ ಸ್ವತಂತ್ರ ಅನ್ನಬಹುದಾ ಅನ್ನೋ ಪ್ರಶ್ನೆಗಳು ಬಂದ್ವು. ಹಾಗಾಗಿ ಯಾರಾದ್ರೂ "ಮೈದಾನ ನಿಮ್ಮದೇ" ಅಂದಾಗ, ಅದರ ಸಾಲ ಯಾರದ್ದು ಅಂತ ಕೇಳಬೇಕು.

ಮೈದಾನದ ಜೊತೆ ಮಾತೂ ಬರುತ್ತೆ

ಇನ್ನೊಂದು ಕತೆ ಅರಿಜೋನಾದ್ದೇ. ಫೀನಿಕ್ಸ್ ನಗರದ ಅವಟೂಕಿ ಅನ್ನೋ ಬಡಾವಣೆ. ಅಲ್ಲಿನ ಲೇಕ್ಸ್ ಗಾಲ್ಫ್ ಕೋರ್ಸ್ 2013ರಲ್ಲಿ ಮುಚ್ಚಿತು. ಅಮೆರಿಕದಲ್ಲಿ 2006ರ ಆಸುಪಾಸಿನಿಂದ ಹೊಸದಾಗಿ ತೆರೆದ ಗಾಲ್ಫ್ ಕೋರ್ಸ್‌ಗಳಿಗಿಂತ ಮುಚ್ಚಿದ್ದೇ ಹೆಚ್ಚು, ಆ ಸಾಲಿನಲ್ಲಿ ಇದೂ ಒಂದು. 2015ರಲ್ಲಿ ಒಂದು ಕಂಪನಿ ಅದನ್ನ ಕೊಂಡ್ತು. ಗಾಲ್ಫ್ ಬೇಡ, ಮಧ್ಯದಲ್ಲಿ ತೋಟ ಇರೋ ಮನೆಗಳನ್ನ ಕಟ್ಟೋಣ ಅಂತ ಯೋಜನೆ ಹಾಕಿತು. ಸುತ್ತ ಮನೆ ಇದ್ದವರು ಒಪ್ಪಲಿಲ್ಲ. "ನಾವು ಮನೆ ಕೊಂಡಾಗ ಇಲ್ಲಿ ಗಾಲ್ಫ್ ಇರುತ್ತೆ ಅಂತ ಪತ್ರದಲ್ಲಿತ್ತು" ಅಂತ ಕೋರ್ಟಿಗೆ ಹೋದ್ರು. 2018ರಲ್ಲಿ ಕೋರ್ಟ್ ಗಾಲ್ಫ್ ಕೋರ್ಸನ್ನೇ ಮತ್ತೆ ಮಾಡಿಕೊಡಬೇಕು ಅಂತ ಹೇಳಿತು.

ಅಂದ್ರೆ ಕಂಪನಿ ಕೊಂಡಿದ್ದು ಜಮೀನು ಅಂದ್ಕೊಂಡು. ಕೈಗೆ ಬಂದಿದ್ದು ಹಿಂದಿನವನು ಕೊಟ್ಟ ಮಾತು.

ನಮ್ಮಲ್ಲೂ ಇದು ಹಾಗೇ. 2016ರ ರೇರಾ ಕಾಯ್ದೆಯ 15ನೇ ಸೆಕ್ಷನ್ ಓದಿ. ಒಬ್ಬ ಬಿಲ್ಡರ್ ತನ್ನ ಪ್ರಾಜೆಕ್ಟಿನ ಬಹುಪಾಲು ಹಕ್ಕು ಮತ್ತು ಹೊಣೆಯನ್ನ ಇನ್ನೊಬ್ಬರಿಗೆ ದಾಟಿಸಬೇಕಾದ್ರೆ, ಅಲ್ಲಿ ಮನೆ ಕೊಂಡವರಲ್ಲಿ ಮೂರನೇ ಎರಡು ಭಾಗ ಜನ ಮೊದಲೇ ಬರವಣಿಗೆಯಲ್ಲಿ ಒಪ್ಪಬೇಕು. ರೇರಾ ಪ್ರಾಧಿಕಾರವೂ ಒಪ್ಪಬೇಕು. ಕೊಂಡವರು ಹಿಂದಿನ ಬಿಲ್ಡರ್ ಬಾಕಿ ಬಿಟ್ಟ ಎಲ್ಲಾ ಕೆಲಸವನ್ನೂ ಮುಗಿಸಿಕೊಡಬೇಕು. ಆ ವಿಲ್ಲಾದವರಿಗೆ ಹಿಂದಿನವನು ಈಜುಕೊಳ ಕೊಡ್ತೀನಿ, ಹದಿನೆಂಟು ಕುಳಿಯ ಮೈದಾನ ಕೊಡ್ತೀನಿ ಅಂದಿದ್ರೆ, ಅದೀಗ ನಮ್ಮ ಮಾವನ ಬಿಲ್ಡರ್ ತಲೆ ಮೇಲೆ. ಮಾವ ಕೊಡೋ 8 ಲಕ್ಷ ಹೋಗೋದು ಯಾರ ಈಜುಕೊಳಕ್ಕೆ?

ನೀರಿನ ಲೆಕ್ಕ

ಈಗ ನಾವು ಗುಂಡ್ಲುಪೇಟೆಯವರಿಗೆ ಚೆನ್ನಾಗಿ ಅರ್ಥ ಆಗೋ ವಿಷಯಕ್ಕೆ ಬರ್ತೀನಿ. ನಮ್ಮದು ಮಳೆ ನೆರಳಿನ ಸೀಮೆ. ಬೋರ್ ಕೊರೆಸಿ ಬರೀ ಧೂಳು ನೋಡಿದ ಮನೆ ಒಂದೊಂದು ಊರಲ್ಲೂ ಇದೆ. ಕಬಿನಿಯಿಂದ ಪಂಪ್ ಮಾಡಿ ನಮ್ಮ ಕೆರೆಗಳಿಗೆ ನೀರು ತುಂಬಿಸಿದಾಗ ಜನ ಹೋಗಿ ನಿಂತು ನೋಡ್ತಾರೆ. ಅಂಥವರಿಗೆ ಗಾಲ್ಫ್ ಹುಲ್ಲಿನ ಲೆಕ್ಕ ಹೇಳೋಕೆ ಪುಸ್ತಕ ಬೇಡ.

ಮಾವನೇ ಒಂದು ಹಾಳೆ ತಗೊಂಡು ಲೆಕ್ಕ ಮಾಡಿದ್ರು. ನೀವೂ ಫೋನಿನ ಕ್ಯಾಲ್ಕುಲೇಟರ್ ತೆಗೀರಿ.

ಹದಿನೆಂಟು ಕುಳಿಯ ಮೈದಾನಕ್ಕೆ ನೂರು ಎಕರೆಗೂ ಹೆಚ್ಚು ಜಾಗ ಬೇಕು. ಅದ್ರಲ್ಲಿ 60 ಎಕರೆಗೆ ಮಾತ್ರ ನೀರು ಹಾಯಿಸ್ತಾರೆ ಅಂತ ಇಟ್ಕೊಳ್ಳಿ. ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರೋಕೆ ದಿನಕ್ಕೆ 5 ಮಿಲಿಮೀಟರ್ ನೀರು ಅಂತ ಹಿಡಿಯಿರಿ. ಒಂದು ಎಕರೆ ಅಂದ್ರೆ 4,047 ಚದರ ಮೀಟರ್. 5 ಮಿಲಿಮೀಟರಿನಿಂದ ಗುಣಿಸಿದ್ರೆ ಎಕರೆಗೆ 20 ಸಾವಿರ ಲೀಟರ್. 60 ಎಕರೆಗೆ ದಿನಕ್ಕೆ 12 ಲಕ್ಷ ಲೀಟರ್. 12 ಸಾವಿರ ಲೀಟರಿನ ಟ್ಯಾಂಕರ್ ಆದ್ರೆ ದಿನಕ್ಕೆ ನೂರು ಟ್ಯಾಂಕರ್.

ಈಗ ಮನೆಗಳ ಕಡೆ ನೋಡಿ. 200 ಮನೆ, ಮನೆಗೆ ಇಬ್ಬರು, ನಗರದ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್. ಒಟ್ಟು 54 ಸಾವಿರ ಲೀಟರ್. ಅಂದ್ರೆ ಎಲ್ಲಾ ಅಜ್ಜ ಅಜ್ಜಿಯರೂ ಕುಡಿದು, ಸ್ನಾನ ಮಾಡಿ, ಬಟ್ಟೆ ಒಗೆದು ಬಳಸೋ ನೀರಿನ 22 ಪಟ್ಟು ನೀರು ಹುಲ್ಲಿಗೆ ಬೇಕು.

ಬಿಲ್ಡರ್‌ಗಳ ಉತ್ತರ ಯಾವಾಗ್ಲೂ ರೆಡಿ ಇರುತ್ತೆ: ಮನೆಗಳ ಕೊಳಚೆ ನೀರನ್ನ ಶುದ್ಧ ಮಾಡಿ ಮೈದಾನಕ್ಕೆ ಬಿಡ್ತೀವಿ. ಬಿಡಲಿ, ಒಳ್ಳೇದೇ. ಆದ್ರೆ 54 ಸಾವಿರದಲ್ಲಿ ಶೇ 80 ವಾಪಸ್ ಬಂದ್ರೂ 43 ಸಾವಿರ ಲೀಟರ್. ಅದು ಎರಡು ಎಕರೆಗೆ ಸಾಕು. ಉಳಿದ 58 ಎಕರೆಗೆ?

ಹಳ್ಳಿಗಳಲ್ಲಿ ಜಲಜೀವನ್ ಮಿಷನ್ ಲೆಕ್ಕ ಒಬ್ಬರಿಗೆ ದಿನಕ್ಕೆ 55 ಲೀಟರ್. 12 ಲಕ್ಷ ಲೀಟರ್ ಅಂದ್ರೆ ಸುಮಾರು 22 ಸಾವಿರ ಜನರ ಕುಡಿಯೋ, ಬಳಸೋ ನೀರು. ಬರ ಬಂದ ವರ್ಷ ಜಿಲ್ಲಾಡಳಿತ ಟ್ಯಾಂಕರ್ ಯಾವ ಕಡೆ ತಿರುಗಿಸುತ್ತೆ ಅಂತ ನಿಮಗೇ ಗೊತ್ತು. ತಿರುಗಿಸಲೂ ಬೇಕು. ಆಗ ಹುಲ್ಲು ಒಣಗುತ್ತೆ. ಹಸಿರು ನೋಡ್ಕೊಂಡಿರೋಣ ಅಂತ ದುಡ್ಡು ಕೊಟ್ಟ ಮಾವ ಕಂದು ಬಣ್ಣ ನೋಡ್ಕೊಂಡು ಕೂರಬೇಕು, ತಿಂಗಳ ಶುಲ್ಕ ಮಾತ್ರ ನಿಲ್ಲಲ್ಲ.

ತಿಂಗಳ ಲೆಕ್ಕ

ಶುಲ್ಕ ಅಂದ್ನಲ್ಲ, ಇದು ನನ್ನ ಕಸುಬಿನ ವಿಷಯ. ಜನ ಮನೆ ಬೆಲೆ ನೋಡ್ತಾರೆ, ನಿರ್ವಹಣೆ ಬೆಲೆ ನೋಡಲ್ಲ. ಲಿಫ್ಟ್ ಕೊಳ್ಳೋದು ಒಂದ್ಸಲ, ಓಡಿಸೋದು ದಿನಾ.

ಉದಾಹರಣೆಗೆ ಮೈದಾನ ನೋಡ್ಕೊಳ್ಳೋಕೆ ವರ್ಷಕ್ಕೆ 3 ಕೋಟಿ ಆಗುತ್ತೆ ಅಂದ್ಕೊಳ್ಳಿ. ಹುಲ್ಲು ಕತ್ತರಿಸೋ ಯಂತ್ರ, ಗೊಬ್ಬರ, ಔಷಧಿ, ಮೋಟರಿನ ಕರೆಂಟು, ಮಾಲಿಗಳ ಸಂಬಳ ಎಲ್ಲಾ ಸೇರಿ. 200 ಮನೆಗೆ ಹಂಚಿದ್ರೆ ಮನೆಗೆ ವರ್ಷಕ್ಕೆ ಒಂದೂವರೆ ಲಕ್ಷ, ತಿಂಗಳಿಗೆ 12,500. ಸಂಘದ ವರ್ಷದ ವಹಿವಾಟು 20 ಲಕ್ಷ ದಾಟಿ, ಒಬ್ಬ ಸದಸ್ಯರ ತಿಂಗಳ ನಿರ್ವಹಣೆ 7,500 ರೂಪಾಯಿ ದಾಟಿದ್ರೆ ಶೇ 18 ಜಿಎಸ್‌ಟಿ ಬೇರೆ. ಇದು ಊಟ, ನರ್ಸು, ಕಾವಲಿನ ಖರ್ಚು ಬಿಟ್ಟು. ಪೆನ್ಷನ್‌ನಲ್ಲಿ ಬದುಕೋರಿಗೆ ಇದು ಸಣ್ಣ ಮೊತ್ತ ಅಲ್ಲ.

ಹಿರಿಯರ ಸಮುದಾಯದಲ್ಲಿ ಇನ್ನೊಂದು ವಿಚಾರ ಇದೆ. ಎಪ್ಪತ್ತಕ್ಕೆ ಸೇರಿದವರಿಗೆ ಹತ್ತು ವರ್ಷದಲ್ಲಿ ಎಂಬತ್ತು. ಆಗ ಗಾಲ್ಫ್ ಆಡೋರು ಕಡಿಮೆ ಆಗ್ತಾರೆ, ನರ್ಸ್ ಬೇಕಾದವರು ಜಾಸ್ತಿ ಆಗ್ತಾರೆ. ದುಡ್ಡು ಯಾವ ಕಡೆ ಹೋಗಬೇಕು? ಗಾಲಿಕುರ್ಚಿ ಹತ್ತೋ ದಾರಿಗೆ, ರಾತ್ರಿ ಪಾಳಿ ನರ್ಸಿಗೆ, ಮರೆವಿನ ಕಾಯಿಲೆ ಇರೋರನ್ನ ನೋಡ್ಕೊಳ್ಳೋಕೆ ಕಲಿತವರಿಗೆ. ಹುಲ್ಲಿಗೆ ಹೋದ ದುಡ್ಡು ಇವುಗಳಿಂದ ಕಿತ್ಕೊಂಡಿದ್ದೇ. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ನಿವೃತ್ತರ ಮನೆಗಳಿಗೆ ಒಂದು ಮಾದರಿ ಮಾರ್ಗಸೂಚಿ ತಂತು. ಬಿಲ್ಡರ್, ಸೇವೆ ಕೊಡೋ ಸಂಸ್ಥೆ, ಮನೆ ಕೊಂಡವರು ಮೂವರೂ ಸೇರಿ ಒಪ್ಪಂದ ಮಾಡ್ಕೋಬೇಕು ಅನ್ನೋದು ಅದರ ಒಂದು ಮುಖ್ಯ ಅಂಶ. ಯಾಕಂದ್ರೆ ಕಟ್ಟಿದವನು ಹೋದ್ಮೇಲೂ ಸೇವೆ ಮಾಡೋನು ಇರಬೇಕು.

ಕಾಗದ ನೋಡಿದ್ರಾ?

ಗಾಲ್ಫ್ ಮೈದಾನ ಅಂದ್ರೆ ದೊಡ್ಡ ಜಾಗ. ದೊಡ್ಡ ಜಾಗ ಅಂದ್ರೆ ಹತ್ತಾರು ಸರ್ವೆ ನಂಬರು, ಮಧ್ಯದಲ್ಲಿ ಗೋಮಾಳ, ಕೆರೆ, ಹಳ್ಳ, ಬಂಡಿದಾರಿ. ಬಿಡದಿಯ ಈಗಲ್‌ಟನ್ ರೆಸಾರ್ಟ್ ಹೆಸರು ನಿಮಗೆ ಗೊತ್ತಿರುತ್ತೆ. 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರು, 2018ರಲ್ಲಿ ನಮ್ಮ ಶಾಸಕರು ಅಲ್ಲೇ ಇದ್ದಿದ್ದಕ್ಕೆ ಟಿವಿಯಲ್ಲಿ ದಿನಾ ಬರ್ತಿತ್ತು. ಅದೊಂದು ಗಾಲ್ಫ್ ರೆಸಾರ್ಟ್. ಅಲ್ಲಿ ಸುಮಾರು 77 ಎಕರೆ ಸರ್ಕಾರಿ ಜಮೀನಿದೆ ಅಂತ ಸರ್ಕಾರ ಹೇಳಿ, ಅದಕ್ಕೆ 982 ಕೋಟಿ ಬೆಲೆ ಕಟ್ಟಿತ್ತು. ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆ ಪಕ್ಕದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ ಇದೆಯಲ್ಲ, ಅದು ಒಂದು ಕಾಲದ ಚಲ್ಲಘಟ್ಟ ಕೆರೆಯ ಜಾಗ. ನಾನು ಯಾರನ್ನೂ ದೂರ್ತಿಲ್ಲ. ಹಸಿರು ಹುಲ್ಲಿನ ಕೆಳಗೆ ಏನಿದೆ ಅಂತ ಕೊಳ್ಳೋ ಮುಂಚೆ ನೋಡಬೇಕು ಅಷ್ಟೇ.

ನೋಡೋದು ಈಗ ಕಷ್ಟ ಇಲ್ಲ. ಸರ್ವೆ ನಂಬರ್ ನೋಡೋಕೆ ದಿಶಾಂಕ್ ಆ್ಯಪ್ ಇದೆ, ಪಹಣಿಗೆ ಭೂಮಿ ವೆಬ್‌ಸೈಟ್ ಇದೆ, ಋಣಭಾರ ಪತ್ರಕ್ಕೆ ಕಾವೇರಿ ಇದೆ, ಪ್ರಾಜೆಕ್ಟಿನ ನೋಂದಣಿ ನೋಡೋಕೆ ಕರ್ನಾಟಕ ರೇರಾ ವೆಬ್‌ಸೈಟ್ ಇದೆ. ನಮ್ಮ ಅಪ್ಪ ಅಮ್ಮಂದಿರು ತಾಲ್ಲೂಕು ಕಚೇರಿಗೆ ಹತ್ತು ಸಲ ಅಲೀತಿದ್ದ ಕೆಲಸ, ನೀವು ರೀಲ್ಸ್ ನೋಡೋ ಸಮಯದಲ್ಲಿ ಮುಗಿಸಬಹುದು.

ಇನ್ನೂ ಎರಡು ಮಾತು ನೆನಪಿಟ್ಕೊಳ್ಳಿ. ಒಂದು, ರೇರಾ ಪ್ರಕಾರ ನಿಮ್ಮಿಂದ ತಗೊಂಡ ದುಡ್ಡಿನ ಶೇ 70 ಬೇರೆ ಬ್ಯಾಂಕ್ ಖಾತೆಯಲ್ಲಿ ಇರಬೇಕು. ಅದನ್ನ ಬಳಸೋದು ಆ ಪ್ರಾಜೆಕ್ಟಿನ ಜಮೀನು ಮತ್ತು ಕಟ್ಟಡದ ಖರ್ಚಿಗೆ ಮಾತ್ರ, ಪಕ್ಕದ ಮೈದಾನ ಕೊಳ್ಳೋಕಲ್ಲ. ಎರಡು, 14ನೇ ಸೆಕ್ಷನ್ ಪ್ರಕಾರ ಮಂಜೂರಾದ ನಕ್ಷೆ ಮತ್ತು ಸಾಮಾನ್ಯ ಜಾಗಗಳನ್ನ ಬದಲಾಯಿಸೋಕೆ ಮೂರನೇ ಎರಡು ಭಾಗ ಜನರ ಲಿಖಿತ ಒಪ್ಪಿಗೆ ಬೇಕು. ವಾಟ್ಸಾಪಲ್ಲಿ ಹೆಬ್ಬೆಟ್ಟೆತ್ತಿ ತೋರಿಸಿದ್ದು ಒಪ್ಪಿಗೆ ಅಂತ ಯಾರೂ ಬರ್ಕೊಳ್ಳದ ಹಾಗೆ ನೋಡ್ಕೊಳ್ಳಿ.

ಹೂವಿನ ಹೊಲದ ಪಾಠ

ಹಾಗಾದ್ರೆ ಬಿಲ್ಡರ್ ಏನು ಮಾಡಬೇಕು? ನನ್ನ ಉತ್ತರ ಸಿಕ್ಕಿದ್ದು ನಮ್ಮೂರ ರಸ್ತೆ ಪಕ್ಕದಲ್ಲಿ.

ಜೂನ್, ಜುಲೈ ತಿಂಗಳಲ್ಲಿ ಗುಂಡ್ಲುಪೇಟೆಯಿಂದ ಊಟಿ ಕಡೆ, ಕೇರಳದ ಕಡೆ ಹೋಗೋ ರಸ್ತೆಗಳಲ್ಲಿ ಸೂರ್ಯಕಾಂತಿ, ಚೆಂಡು ಹೂವು ಅರಳಿರುತ್ತೆ. ಕೇರಳದಿಂದ ಬರೋ ಕಾರುಗಳು ಸಾಲಾಗಿ ನಿಲ್ತವೆ. ಸೆಲ್ಫಿ, ರೀಲ್ಸ್, ಮದುವೆ ಫೋಟೊ ಎಲ್ಲಾ ನಡೆಯುತ್ತೆ. ಮೊದಮೊದಲು ಹೂವು ತುಳಿದು ಹೋಗ್ತಿದ್ರು ಅಂತ ರೈತರು ಬೈತಿದ್ರು. ಆಮೇಲೆ ಕೆಲವರು ಹೊಲದೊಳಗೆ ಬಂದು ಫೋಟೊ ತೆಗೆಯೋಕೆ ಇಷ್ಟು ಅಂತ ಸ್ವಲ್ಪ ದುಡ್ಡು ತಗೊಳ್ಳೋಕೆ ಶುರು ಮಾಡಿದ್ರು. ಎಲ್ರಿಗೂ ಖುಷಿ. ಸೆಲ್ಫಿ ತೆಗೆಯೋಕೆ ಅಂತ ಹೊಲವನ್ನೇ ಕೊಂಡವರನ್ನ ನಾನು ನೋಡಿಲ್ಲ.

ಗಾಲ್ಫಿಗೂ ಇದೇ ದಾರಿ. ಮೈದಾನ ಕೊಳ್ಳಬೇಡಿ, ಬಳಸೋಕೆ ದುಡ್ಡು ಕೊಡಿ. 200 ಮನೆಯಲ್ಲಿ ಹತ್ತು ಜನ ಗಾಲ್ಫ್ ಆಡೋರಿದ್ರೆ ಆ ಹತ್ತು ಜನ ಆಡಿದ ದಿನದ ಶುಲ್ಕ ಕೊಡಲಿ. ಬೆಳಗ್ಗೆ ಎರಡು ಗಂಟೆ ವಾಕಿಂಗ್ ಹೋಗೋಕೆ ದಾರಿ ಬೇಕಾ, ಅದಕ್ಕೊಂದು ವರ್ಷದ ಒಪ್ಪಂದ ಮಾಡ್ಕೊಳ್ಳಿ. ಅವರ ಅಡುಗೆಮನೆ ಬೇಕಾ, ಊಟದ ಲೆಕ್ಕದಲ್ಲಿ ತಗೊಳ್ಳಿ. ಮೈದಾನ ಒಣಗಿದ್ರೆ ಒಪ್ಪಂದ ಮುಗಿಸಿ ಹೊರಗೆ ಬರಬಹುದು. ಕೊಂಡಿದ್ರೆ ಬರೋಕಾಗಲ್ಲ.

ಕೊಳ್ಳಲೇಬೇಕು ಅಂದ್ರೆ ಬಿಲ್ಡರ್ ತನ್ನ ದುಡ್ಡಿನಲ್ಲಿ, ಬೇರೆ ಕಂಪನಿ ಮಾಡಿ, ಹಿರಿಯರ ಮನೆಗಳ ಖಾತೆಗೆ ಸೋಂಕದ ಹಾಗೆ ಕೊಳ್ಳಲಿ. ನಷ್ಟ ಆದ್ರೆ ಅವರದ್ದು. ಲಾಭ ಬಂದ್ರೂ ಅವರದ್ದೇ ಇರಲಿ, ನಮ್ಮ ಮಾವನಿಗೆ ಹೊಟ್ಟೆಕಿಚ್ಚಿಲ್ಲ.

ನಮ್ಮೂರ ಜಮೀನಿನ ಮಾತು

ಇಷ್ಟಾದ್ಮೇಲೂ ಅವ್ವನ ಜಮೀನಿನ ವಿಷಯ ಉಳೀತು. 2020ರಲ್ಲಿ ಭೂ ಸುಧಾರಣೆ ಕಾಯ್ದೆಗೆ ತಿದ್ದುಪಡಿ ಆಗಿ 79ಎ, 79ಬಿ ಹೋದ್ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ನಮ್ಮ ಕಡೆ ಬ್ರೋಕರ್‌ಗಳ ಓಡಾಟ ಜಾಸ್ತಿ ಆಗಿದೆ. ಬೆಟ್ಟ ಕಾಣುತ್ತೆ, ಕಾಡು ಹತ್ರ, ರಿಟೈರ್ ಆದ್ಮೇಲೆ ಆರಾಮ ಅಂತ ಬೆಂಗಳೂರಿನವರಿಗೆ ತೋರಿಸ್ತಾರೆ. ಬಂಡೀಪುರದ ಸುತ್ತ 2012ರಿಂದ ಪರಿಸರ ಸೂಕ್ಷ್ಮ ವಲಯ ಇದೆ, ಹಂಗಳ, ಮೇಲುಕಾಮನಹಳ್ಳಿ ಕಡೆ ರಾತ್ರಿ ಆನೆ ಬರುತ್ತೆ ಅನ್ನೋದನ್ನ ಎಷ್ಟು ಜನ ಬ್ರೋಕರ್‌ಗಳು ಹೇಳ್ತಾರೋ ಗೊತ್ತಿಲ್ಲ. ಗಾಲ್ಫ್ ಬಗ್ಗೆ ಕೇಳಿದ ಪ್ರಶ್ನೆಗಳನ್ನೇ ಇಲ್ಲೂ ಕೇಳಬೇಕು. ನೀರು ಎಲ್ಲಿಂದ? ಕಾಗದ ಏನು ಹೇಳುತ್ತೆ? ಹತ್ತು ವರ್ಷ ಆದ್ಮೇಲೆ ನೋಡ್ಕೊಳ್ಳೋರು ಯಾರು?

ಯುಗಾದಿಗೆ ಮಾವ ಊರಿಗೆ ಬಂದಿದ್ರು. ಜಗಲಿ ಮೇಲೆ ಕೂತು ಆ ನೀರಿನ ಲೆಕ್ಕದ ಹಾಳೆ ಅವ್ವನ ಕೈಗೆ ಕೊಟ್ರು. ಅವ್ವನಿಗೆ ಲೀಟರ್ ಲೆಕ್ಕ ಅಷ್ಟು ಗೊತ್ತಾಗಲ್ಲ. ನೂರು ಟ್ಯಾಂಕರ್ ಅಂದಾಗ ಗೊತ್ತಾಯ್ತು. "ಅಣ್ಣ, ಬಾಕಿ ಹನ್ನೆರಡಕ್ಕ ಏನಾದ್ರೂ ಮಾಡಣ. ನಿಂಗ ಒಬ್ನೇ ಇರಕಾಗಲ್ಲ, ಅದು ನಂಗೂ ಗೊತ್ತು. ಆ ಎಂಟಕ್ಕ ಮಾತ್ರ ಸಹಿ ಕೇಳ್ಬೇಡ" ಅಂದ್ಲು. ಮಾವ ತಲೆಯಾಡಿಸಿದ್ರು. ಬಾಕಿ 12 ಲಕ್ಷಕ್ಕೆ ಅವರ ಮಗ ಅರ್ಧ ಕೊಡ್ತೀನಿ ಅಂದಿದ್ದಾನೆ. ಉಳಿದ ಅರ್ಧಕ್ಕೆ ಅವರ ಪಾಲಿನಲ್ಲಿ ಸ್ವಲ್ಪ ಗುಂಟೆಯನ್ನ ನಮ್ಮಪ್ಪನೇ ಕೊಳ್ಳೋ ಮಾತು ನಡೀತಿದೆ. ಅಪ್ಪನ ಕೈಲಿ ಅಷ್ಟು ದುಡ್ಡಿಲ್ಲ, ಸೊಸೈಟಿ ಸಾಲ ನೋಡಬೇಕು. ಸುಲಭ ಇಲ್ಲ.

ಆಮೇಲೆ ಬಿಲ್ಡರ್ ಕರೆದ ಸಭೆಗೆ ಮಾವ ಹೋದ್ರು. ನಲವತ್ತು ಜನ ಹಿರಿಯರು ಬಂದಿದ್ರಂತೆ. ಸ್ಕ್ರೀನ್ ಮೇಲೆ ಹಸಿರು ಹಸಿರು ಫೋಟೊ. ಮಾವ ಎದ್ದು ನಿಂತು, ಪಾಠ ಮಾಡೋ ಹಾಗೆ, ಮೂರು ಪ್ರಶ್ನೆ ಕೇಳಿದ್ರು. ಮೇ ತಿಂಗಳಲ್ಲಿ ದಿನಕ್ಕೆ 12 ಲಕ್ಷ ಲೀಟರ್ ಎಲ್ಲಿಂದ ತರ್ತೀರಿ? ವಿಲ್ಲಾದವರಿಗೆ ಹಿಂದಿನವರು ಕೊಟ್ಟ ಮಾತಿನ ಪಟ್ಟಿ ತೋರಿಸ್ತೀರಾ? ಆಡದವರಿಗೆ ಶುಲ್ಕ ಇಲ್ಲ ಅಂತ ಬರೆದು ಕೊಡ್ತೀರಾ?

"ನೋಡಿ ತಿಳಿಸ್ತೀವಿ ಸಾರ್" ಅಂದ್ರಂತೆ. ಎರಡು ತಿಂಗಳಾಯ್ತು, ಇನ್ನೂ ತಿಳಿಸಿಲ್ಲ. ಆದ್ರೆ ಆ 8 ಲಕ್ಷದ ಮೆಸೇಜೂ ಮತ್ತೆ ಬಂದಿಲ್ಲ. ಸಭೆಯಲ್ಲಿದ್ದ ಹಿರಿಯರೆಲ್ಲಾ ಸೇರಿ ಈಗ ಸಂಘ ನೋಂದಣಿ ಮಾಡಿಸ್ತಿದ್ದಾರೆ. ಖಜಾಂಚಿ ಯಾರು ಅಂತ ಕೇಳ್ಬೇಡಿ, ಗಣಿತದ ಮೇಷ್ಟ್ರನ್ನ ಯಾರು ಬಿಡ್ತಾರೆ.

ನಿಮ್ಮ ಮನೆಯ ಹಿರಿಯರು ಇಂಥ ಬ್ರೋಷರ್ ಕಳಿಸಿದ್ರೆ ಸುಮ್ಮನೆ ಕೈಮುಗಿಯೋ ಎಮೋಜಿ ಹಾಕಿ ಬಿಟ್ಬಿಡಬೇಡಿ. ಅವರು ನಿಮ್ಮನ್ನ ಕೇಳ್ತಿರೋದು, ನಿಮ್ಮ ಕೈಯಲ್ಲಿ ಫೋನಿದೆ, ನಿಮಗೆ ಗೊತ್ತಾಗುತ್ತೆ ಅಂತ. ಒಂದರ್ಧ ಗಂಟೆ ಕೂತು ಅವರ ಜೊತೆಗೇ ಲೆಕ್ಕ ಮಾಡಿ. ಏನು ಸಿಕ್ತು ಅಂತ ನಮಗೂ ಬರೆದು ಕಳಿಸಿ.